ಮಳೆ ಅಳೆಯುವ ಬಾಟಲಿ, ನಾಲ್ಕು ವಿಷಯದ ಪಾಠ

ಮಗುವನ್ನು ಮನೆಯಲ್ಲೇ ಓದಿಸಲು ಹೊರಟವರು ಮೊದಲ ವಾರದಲ್ಲೇ ಶಾಲೆಯ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ. ಮೂವತ್ತು ಮಕ್ಕಳ ಕೋಣೆಗೆ ಮುಕ್ಕಾಲು ಗಂಟೆಗೊಂದು ಪೀರಿಯಡ್ ಬೇಕು, ಒಂದೇ ಮಗುವಿಗೆ ಬೇಡ. ಓದು-ಬರಹ ಮತ್ತು ಲೆಕ್ಕವನ್ನು ಮಾತ್ರ ದಿನವೂ ಪ್ರತ್ಯೇಕ ಕೂರಿಸಿ ಮಾಡಿಸಿ. ಒತ್ತಕ್ಷರ, ಮಗ್ಗಿ ರೂಢಿಯಿಂದಲೇ ಬರಬೇಕು. ಉಳಿದ ವಿಷಯಗಳನ್ನು ಒಂದು ಕೆಲಸದ ಸುತ್ತ ಹೆಣೆಯಬಹುದು. ಮಳೆಗಾಲವಾದರೆ ನನ್ನ ಆಯ್ಕೆ ಮಳೆಮಾಪಕ.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಭಾಗವನ್ನು ನೀವೇ ಕತ್ತರಿಸಿ, ಆಲಿಕೆಯಂತೆ ತಲೆಕೆಳಗಾಗಿ ಅದರೊಳಗೇ ಕೂರಿಸಿ. ಹೀಗೆ ಮಾಡಿದರೆ ಒಳಗೆ ಬಿದ್ದ ನೀರು ಬೇಗ ಆವಿಯಾಗುವುದಿಲ್ಲ. ತಳ ಉಬ್ಬುತಗ್ಗಾಗಿರುವುದರಿಂದ ಬೆಣಚುಕಲ್ಲು ತುಂಬಿ, ಬಾಟಲಿಯ ಮೈ ನೇರವಾಗುವವರೆಗೆ ನೀರು ಹಾಕಿ, ಅಲ್ಲಿ ಸೊನ್ನೆ ಎಂದು ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲಿನಿಂದ ಮಿಲಿಮೀಟರ್ ಗುರುತು ಹಾಕುವುದು ಮಗುವಿನ ಕೆಲಸ. ಮರ, ಸೂರು ಅಡ್ಡಬರದ ಬಯಲಲ್ಲಿಟ್ಟು ದಿನವೂ ಬೆಳಿಗ್ಗೆ 8.30ಕ್ಕೆ ನೋಡಿ ಒಂದು ಪುಸ್ತಕದಲ್ಲಿ ಬರೆಯಲಿ, ಆಮೇಲೆ ನೀರನ್ನು ಮತ್ತೆ ಸೊನ್ನೆಗೆ ತರಲಿ. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಅಳೆಯುತ್ತದೆ, 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದನ್ನು ‘ಮಳೆಯ ದಿನ’ ಎಂದು ಎಣಿಸುತ್ತದೆ.

ಇನ್ನು ಲೆಕ್ಕ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ ಸರಿಯಾಗಿ 1 ಲೀಟರ್ ನೀರು. ಇದನ್ನು ಬಾಯಲ್ಲಿ ಹೇಳಿಬಿಡಬೇಡಿ, ತಾರಸಿಯನ್ನು ಟೇಪು ಹಿಡಿದು ಅಳೆಸಿ. 10 ಮೀಟರ್ ಉದ್ದ, 8 ಮೀಟರ್ ಅಗಲವಿದ್ದರೆ 80 ಚದರ ಮೀಟರ್. ರಾತ್ರಿ 25 ಮಿ.ಮೀ. ಸುರಿದಿದ್ದರೆ 2,000 ಲೀಟರ್! ಅಷ್ಟಕ್ಕೆ ಎಷ್ಟು ಕೊಡ ಬೇಕು ಎಂದು ಮಗುವೇ ಕೇಳುತ್ತದೆ. ಆಗ ಕೊಡಕ್ಕೆಷ್ಟು ಲೀಟರ್ ಹಿಡಿಯುತ್ತದೆಂದು ಅಳೆಯಲು ಬಿಡಿ. ಭಾಗಾಕಾರ ಅಲ್ಲೇ ಶುರುವಾಯಿತು.

ಕನ್ನಡದ ಪಾಠಕ್ಕೆ ಅಜ್ಜಿಯೋ ಪಕ್ಕದ ಮನೆಯ ರೈತರೋ ಬೇಕು. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂಬ ಮಳೆನಕ್ಷತ್ರಗಳ ಹೆಸರು, ಯಾವ ಮಳೆಗೆ ಯಾವ ಬಿತ್ತನೆ, ಯಾವ ಗಾದೆ ಎಂದು ಕೇಳಿ ಬರೆದುಕೊಳ್ಳಲಿ. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನವೇ ಏಕೆ? 365ನ್ನು 27 ನಕ್ಷತ್ರಗಳಿಗೆ ಹಂಚಿ ನೋಡಿದರೆ ಉತ್ತರ ಸಿಗುತ್ತದೆ. ಸಮಾಜ ಪಾಠಕ್ಕೆ ರಾಜ್ಯದ ನಕ್ಷೆ ಹರಡಿ, ಆಗುಂಬೆಯನ್ನೂ ಚಿತ್ರದುರ್ಗವನ್ನೂ ಗುರುತಿಸಿ. ಕಡಲಿನ ಮೋಡ ಘಟ್ಟ ಹತ್ತುವಾಗ ತಂಪಾಗಿ ಸುರಿದುಬಿಡುತ್ತದೆ, ಆಚೆ ಇಳಿಯುವ ಗಾಳಿಯಲ್ಲಿ ತೇವ ಕಡಿಮೆ. ನಾಲ್ಕನೇ ತರಗತಿಯ ಮಗುವಿಗೆ ಇಷ್ಟು ಸಾಕು.

ಪಠ್ಯಪುಸ್ತಕವನ್ನು ಬಿಡಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅಂತರಜಾಲದಲ್ಲಿ ಉಚಿತ. ತಿಂಗಳಿಗೊಮ್ಮೆ ಅವುಗಳ ಪರಿವಿಡಿ ತೆರೆದು, ಏನು ಮುಟ್ಟಿದೆವು, ಏನು ಉಳಿಯಿತು ಎಂದು ಗುರುತು ಹಾಕಿಕೊಳ್ಳಿ.

ಪ್ರಮಾಣಪತ್ರದ ಚಿಂತೆ ಇರುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಎ, ಬಿ, ಸಿ ಹಂತಗಳಿವೆ. ಅವು ಕ್ರಮವಾಗಿ 3, 5, 8ನೇ ತರಗತಿಗೆ ಸಮ. ನಡುವೆ ಶಾಲೆಗೆ ಸೇರಿಸುವ ಮನಸ್ಸಾದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ಆರು ದಾಟಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಎನ್ನುತ್ತದೆ. ಆ ದಿನ ಮಗುವಿನ ಕೈಯಲ್ಲಿ ಮಳೆಯ ಪುಸ್ತಕವೂ ಇರಲಿ. ಮೇಷ್ಟ್ರು ಅದರ ಎರಡು ಪುಟ ತಿರುವಿದರೆ ಕೈಬರಹ, ಲೆಕ್ಕ, ನಕ್ಷೆ ಎಲ್ಲವೂ ಒಟ್ಟಿಗೆ ಕಾಣುತ್ತವೆ.