ಬೀಗದ ಕೋಣೆಯ ಗಣಕಯಂತ್ರಗಳು

ಸಂಕೇಶ್ವರದಲ್ಲಿ ಬಸ್ಸು ಹತ್ತಿ ಗಡಹಿಂಗ್ಲಜದ ಕಡೆಗೆ ಹೊರಟರೆ ಅರ್ಧ ಗಂಟೆಯೊಳಗೆ ರಾಜ್ಯ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಅಂಗಡಿಯ ಫಲಕ ಮರಾಠಿಯಲ್ಲಿದ್ದರೂ ಒಳಗಿನ ಚೌಕಾಸಿ ಎಷ್ಟೋ ಸಲ ಕನ್ನಡದಲ್ಲೇ ನಡೆಯುತ್ತದೆ. ಫಲಕಕ್ಕೊಂದು ಭಾಷೆ, ಮನೆಗೊಂದು ಭಾಷೆ ಎಂಬ ಈ ಬದುಕನ್ನು ಕಾಸರಗೋಡಿನ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ ಆ ಕಡೆಯ ಗಡಿನಾಡಿನ ಶಾಲೆಯೊಂದಕ್ಕೆ ಹೋಗಿದ್ದೆ. ಶಾಲೆಯ ಹೆಸರು ಬೇಡ. ಮುಖ್ಯಾಧ್ಯಾಪಕರು ಅಭಿಮಾನದಿಂದಲೇ ಒಂದು ಕೋಣೆಯ ಬೀಗ ತೆಗೆದರು. ಮೇಜಿನ ಮೇಲೆ ಸಾಲಾಗಿ ಎಂಟು ಗಣಕಯಂತ್ರಗಳಿದ್ದವು. ಪ್ರತಿಯೊಂದಕ್ಕೂ ಹೂವಿನ ಚಿತ್ತಾರದ ಬಟ್ಟೆ ಹೊದೆಸಲಾಗಿತ್ತು. ಬಟ್ಟೆಯ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು. ಮಕ್ಕಳು ಯಾವಾಗ ಬರುತ್ತಾರೆ ಎಂದು ಕೇಳಿದೆ. "ಕೊಡೋರು ಕೊಟ್ಟು ಹೋದ್ರ್ರಿ, ಕಲಸೋರನ್ನ ಕೊಡಲಿಲ್ಲ ನೋಡ್ರಿ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಬೇಸರ ತಂದ ಸಂಗತಿ.

ಶಾಲೆಗೆ ಗಣಕಯಂತ್ರ ಬೇಕು ಎಂದು ಅರ್ಜಿ ಬರೆಯುವುದು ಸುಲಭ. ಅದು ಏಕೆ ಬೇಕು, ಯಾರು ಕಲಿಸುತ್ತಾರೆ, ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ ಎಂಬುದನ್ನು ಮೊದಲೇ ಬರೆದಿಡುವುದು ಕಷ್ಟದ ಕೆಲಸ. ಆ ಕಷ್ಟದ ಕೆಲಸಕ್ಕೆ ಯೋಜನೆ ಎಂದು ಹೆಸರು. ಇದನ್ನು ದೇಶಕ್ಕೆ ಒತ್ತಿ ಹೇಳಿದ ಶಿಕ್ಷಣತಜ್ಞರೊಬ್ಬರು ಇದೇ ಕೊಲ್ಹಾಪುರ ಜಿಲ್ಲೆಯವರು. ಅವರೇ ಗಡಹಿಂಗ್ಲಜದ ನೆರೆಯ ಆಜರಾ ತಾಲೂಕಿನ ಬಹಿರೇವಾಡಿಯಲ್ಲಿ 1907ರಲ್ಲಿ ಹುಟ್ಟಿದ ಜೆ. ಪಿ. ನಾಯಕರು. ಕನ್ನಡಿಗರಿಗೆ ಅವರು ಹೊರಗಿನವರಲ್ಲ, ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದವರು. ಮುಂದೆ ಗಾರಗೋಟಿಯಲ್ಲಿ ಮೌನಿ ವಿದ್ಯಾಪೀಠ ಕಟ್ಟಿದರು. 1964ರಿಂದ 1966ರ ವರೆಗೆ ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದರು. ದಿಲ್ಲಿಯಲ್ಲಿ ಕುಳಿತು ಮಾಡುವ ಯೋಜನೆಯೊಂದೇ ಸಾಲದು, ಪ್ರತಿಯೊಂದು ಶಾಲೆಯೂ ತನ್ನದೇ ಯೋಜನೆ ಹಾಕಿಕೊಳ್ಳಬೇಕು, ಅದು ಸರಕಾರದ ಮುಂದಿಡುವ ಬೇಡಿಕೆಗಳ ಪಟ್ಟಿಯಾಗಬಾರದು ಎಂಬುದು ಅವರ ನಿಲುವಾಗಿತ್ತು. ಕೈಯಲ್ಲಿರುವುದನ್ನು ಪೂರ್ತಿ ಬಳಸಿಕೊಂಡು, ಆಮೇಲೆ ಇಲ್ಲದ್ದನ್ನು ಕೇಳಬೇಕು.

ಅವರು ಹೇಳಿದ್ದು ಈಗ ಕಾನೂನಿನಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 22ನೇ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕು. ಸರಕಾರ ಅಥವಾ ಸ್ಥಳೀಯ ಸಂಸ್ಥೆ ಕೊಡುವ ಅನುದಾನಕ್ಕೆ ಅದೇ ಆಧಾರ. ಆ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಹೆತ್ತವರು, ಅರ್ಧದಷ್ಟು ಮಂದಿ ಹೆಂಗಸರು. ಆದರೆ ಎಷ್ಟೋ ಕಡೆ ಈ ಯೋಜನೆ ಎಂದರೆ ಕಳೆದ ವರ್ಷದ ಕಾಗದಕ್ಕೆ ಈ ವರ್ಷದ ತಾರೀಕು ಹಾಕಿ, ಸಹಿ ಸಂಗ್ರಹಿಸುವುದು ಎಂದಾಗಿದೆ. ಈ ರೋಗ ಮಹಾರಾಷ್ಟ್ರಕ್ಕೆ ಮಾತ್ರ ಸೀಮಿತವೆಂದು ನಾನು ಹೇಳಲಾರೆ.

ಹಣದ ಲೆಕ್ಕಕ್ಕೆ ಬರೋಣ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಒಂದು ಶಾಲೆಯ ಗಣಕ ಪ್ರಯೋಗಾಲಯಕ್ಕೆ ಒಂದೇ ಬಾರಿಗೆ ಕೊಡುವ ಮೊತ್ತ ಹೆಚ್ಚೆಂದರೆ 6 ಲಕ್ಷ 40 ಸಾವಿರ ರೂಪಾಯಿ. ಅದರ ಜತೆಗೆ ನಡೆಸುವ ಖರ್ಚಿಗೆ ವರ್ಷಕ್ಕೆ 2 ಲಕ್ಷ 40 ಸಾವಿರದಂತೆ ಐದು ವರ್ಷ. ಗುಣಿಸಿ ನೋಡಿದರೆ ನಡೆಸುವ ಖರ್ಚೇ 12 ಲಕ್ಷ. ಅಂದರೆ ಕೊಳ್ಳುವುದಕ್ಕಿಂತ ನಡೆಸುವುದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಬೇಕೆಂದು ಸರಕಾರವೇ ಒಪ್ಪಿಕೊಂಡಂತಾಯಿತು. ನಮ್ಮ ದಾನಿಗಳಾದರೋ ಮೊದಲ ಅರ್ಧವನ್ನು ಮಾತ್ರ ಕೊಡುತ್ತಾರೆ. ಯಂತ್ರದ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದು, ವಿದ್ಯುತ್ ಬಿಲ್ಲಿನ ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? 2015ರ ಜೂನ್ 22ರ 'ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ' ಆದೇಶದ ಬಳಿಕ ಆ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಜನ 'ಲೋಕವರ್ಗಣಿ' ಎತ್ತಿ ಶಾಲೆಗಳನ್ನು ಡಿಜಿಟಲ್ ಮಾಡಿದರು. ಅದು ಮೆಚ್ಚಬೇಕಾದ ಉತ್ಸಾಹವೇ. ಬಿಲ್ಲು ಕಟ್ಟಲಾಗದೆ ಜಿಲ್ಲಾ ಪರಿಷತ್ ಶಾಲೆಗಳ ವಿದ್ಯುತ್ ಕಡಿತವಾದ ಸುದ್ದಿಯೂ ಹಿಂದೆಯೇ ಪತ್ರಿಕೆಗಳಲ್ಲಿ ಬಂತು.

ಇಚಲಕರಂಜಿಯ ನೇಕಾರನಿಗೆ ಈ ತಪ್ಪು ಆಗುವುದಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದಂದಿನಿಂದ ಊರು ಬೆಳೆದದ್ದೇ ಯಂತ್ರದ ಲೆಕ್ಕದ ಮೇಲೆ. ಮಗ್ಗ ಕೊಳ್ಳುವವನು ನೂಲಿನ ದರ ನೋಡುತ್ತಾನೆ, ವಿದ್ಯುತ್ತಿನ ದರ ನೋಡುತ್ತಾನೆ, ಮಗ್ಗ ಕೆಟ್ಟರೆ ಸರಿಪಡಿಸುವ ಜಾಬರ್ ಹತ್ತಿರದಲ್ಲಿದ್ದಾನೆಯೇ ಎಂದು ವಿಚಾರಿಸುತ್ತಾನೆ. ಬಟ್ಟೆ ಹೊದೆಸಿಟ್ಟ ಮಗ್ಗದಿಂದ ಅವನ ಮನೆಯ ಒಲೆ ಉರಿಯುವುದಿಲ್ಲ. ಶಾಲೆಯ ಯೋಜನೆ ಬರೆಯಲು ಕೂತಾಗ ಹೆತ್ತವರ ಪೈಕಿ ಇಂಥ ಒಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಸಲಹೆಗಾರರ ಖರ್ಚು ಉಳಿದೀತು.

ಅವನು ಮೊದಲು ಕೇಳುವ ಪ್ರಶ್ನೆ, ಎಷ್ಟು ಯಂತ್ರ ಬೇಕು? ತಲೆಗೊಂದರಂತೆ ಕೇಳಿದರೆ ಯಾರೂ ಕೊಡಲಾರರು. ನಲವತ್ತು ಮಕ್ಕಳ ಐದು ತರಗತಿಗಳಿವೆ ಎಂದಿಟ್ಟುಕೊಳ್ಳಿ, ಒಟ್ಟು ಇನ್ನೂರು ಮಂದಿ. ಹತ್ತು ಯಂತ್ರ, ಒಂದೊಂದಕ್ಕೆ ಇಬ್ಬರು, ಅಂದರೆ ಒಂದು ಸಲಕ್ಕೆ ಇಪ್ಪತ್ತು ಮಕ್ಕಳು. ಪ್ರತಿ ತರಗತಿಯನ್ನು ಎರಡು ತಂಡ ಮಾಡಿದರೆ ಹತ್ತು ತಂಡ. ತಂಡಕ್ಕೆ ವಾರದಲ್ಲಿ ಎರಡು ಪಿರಿಯಡ್ ಕೊಟ್ಟರೂ ಇಪ್ಪತ್ತೇ ಪಿರಿಯಡ್ ಆಯಿತು, ವೇಳಾಪಟ್ಟಿಯಲ್ಲಿ ಹಿಡಿಸುತ್ತದೆ. ಈ ಲೆಕ್ಕ ಅರ್ಜಿಯಲ್ಲಿದ್ದರೆ ಕೊಡುವವರಿಗೂ ನಂಬಿಕೆ ಬರುತ್ತದೆ. ಉಳಿದ ಅರ್ಧ ತಂಡ ಆಗ ಏನು ಮಾಡುತ್ತದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಬರೆಯಬೇಕು. ಇದನ್ನು ಮರೆತದ್ದರಿಂದ ಕೆಟ್ಟ ವೇಳಾಪಟ್ಟಿಗಳನ್ನು ನಾನು ಕಂಡಿದ್ದೇನೆ.

ಕೇಳುವುದು ಯಾರಲ್ಲಿ? ಜಿಲ್ಲಾ ಯೋಜನಾ ಸಮಿತಿ ಇದೆ, ಶಾಸಕರ ನಿಧಿ ಇದೆ. ಕಂಪೆನಿಗಳ ವಿಚಾರದಲ್ಲಿ 2013ರ ಕಂಪೆನಿ ಕಾಯಿದೆಯ 135ನೇ ಕಲಮು 2014ರ ಎಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷದಲ್ಲಿ 5 ಕೋಟಿ ರೂಪಾಯಿ ನಿವ್ವಳ ಲಾಭ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಸಂಪತ್ತು ಇರುವ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡನ್ನು ಸಮಾಜಕಾರ್ಯಕ್ಕೆ ಖರ್ಚು ಮಾಡಬೇಕು. ವಿದ್ಯಾಭ್ಯಾಸ ಅದರ ಪಟ್ಟಿಯಲ್ಲಿದೆ. ಕೊಲ್ಹಾಪುರದ ಸುತ್ತ ಎರಕದ ಕಾರ್ಖಾನೆಗಳು ಬೇಕಾದಷ್ಟಿವೆ. ಆದರೆ ಅಲ್ಲಿನ ದೊಡ್ಡ ದೊಡ್ಡ ಸಕ್ಕರೆ ಕಾರ್ಖಾನೆಗಳಲ್ಲಿ ಬಹಳಷ್ಟು ಸಹಕಾರಿ ಸಂಘಗಳು. ಅವು ಕಂಪೆನಿಗಳಲ್ಲವಾದ್ದರಿಂದ ಈ ಕಲಮು ಅವುಗಳಿಗೆ ಅನ್ವಯಿಸದು. ಕಾಯಿದೆಯ ಹೆಸರು ಹೇಳಿ ಅಲ್ಲಿಗೆ ಪತ್ರ ಬರೆದರೆ ಅಂಚೆ ಖರ್ಚು ದಂಡ. ಅಲ್ಲಿ ಕಬ್ಬು ಕೊಡುವ ಸದಸ್ಯ ರೈತರೇ ಶಾಲೆಯ ಹೆತ್ತವರಾಗಿ ಬಾಯಿಬಿಟ್ಟು ಕೇಳಬೇಕು.

ಸರಕಾರಗಳೂ ಈ ಪಾಠವನ್ನು ಎಡವಿಯೇ ಕಲಿತವು. 1984-85ರಲ್ಲಿ ಕೇಂದ್ರ ಸರಕಾರ 'ಕ್ಲಾಸ್' ಯೋಜನೆಯಡಿ ಮೊದಲು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕಳುಹಿಸಿತು. ಅಧ್ಯಾಪಕರ ತರಬೇತಿ ಸಾಲಲಿಲ್ಲ. 2004ರ ಕೇಂದ್ರ ಯೋಜನೆಯನ್ನು ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಗುತ್ತಿಗೆ ಪದ್ಧತಿಯಲ್ಲಿ ನಡೆಸಿದರು. ಕಂಪೆನಿಯೇ ಯಂತ್ರ ತಂದು, ಶಿಕ್ಷಕನನ್ನೂ ಇಟ್ಟು, ಅವಧಿ ಮುಗಿದಾಗ ಶಾಲೆಗೆ ಒಪ್ಪಿಸಿ ಹೋಗುವುದು. ಕಲಿಸುವ ವಿದ್ಯೆ ಗುತ್ತಿಗೆಯ ಶಿಕ್ಷಕನ ಬಳಿ ಇದ್ದುದರಿಂದ ಅವನೊಂದಿಗೇ ಹೊರಟುಹೋಗುತ್ತಿತ್ತು. ಶಾಲೆಯಲ್ಲಿ ಹಳೆಯ ಯಂತ್ರ ಉಳಿಯುತ್ತಿತ್ತು.

ಕೇರಳದ ದಾರಿ ಬೇರೆ. ಇಲ್ಲಿನ ಆಡಳಿತದ ಬಗ್ಗೆ ಕನ್ನಡಿಗರಾದ ನಮಗೆ ದೂರುಗಳಿಗೆ ಕೊರತೆಯಿಲ್ಲ. ಆದರೂ ಇದೊಂದನ್ನು ಒಪ್ಪಬೇಕು. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಹೊರಗಿನ ಶಿಕ್ಷಕನನ್ನು ತರದೆ ಶಾಲೆಯ ಅಧ್ಯಾಪಕರಿಗೇ ತರಬೇತಿ ಕೊಟ್ಟಿತು, ಹಣ ಕೊಟ್ಟು ಕೊಳ್ಳುವ ತಂತ್ರಾಂಶದ ಬದಲು ಸ್ವತಂತ್ರ ತಂತ್ರಾಂಶ ಹಿಡಿಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು, ಮರುವರ್ಷ 4752 ಶಾಲೆಗಳ 45 ಸಾವಿರ ತರಗತಿ ಕೋಣೆಗಳನ್ನು ಸಜ್ಜುಗೊಳಿಸುವ ಕೆಲಸ ಹಿಡಿಯಿತು. ಕೋವಿಡಿನ 2020ರಲ್ಲಿ ಶಾಲೆ ಮುಚ್ಚಿದಾಗ 'ಫಸ್ಟ್ ಬೆಲ್' ಪಾಠಗಳು ಕನ್ನಡದಲ್ಲೂ ತಯಾರಾದವು.

ಗಡಹಿಂಗ್ಲಜದ ಕಡೆ ಮನೆಯಲ್ಲಿ ಕನ್ನಡವಾಡುವ ಎಷ್ಟೋ ಮಕ್ಕಳು ಮರಾಠಿ ಶಾಲೆಯಲ್ಲಿ ಕಲಿಯುತ್ತಾರೆ. ಕನ್ನಡ ಮಾಧ್ಯಮದ ಶಾಲೆಗಳು ಹೆಚ್ಚಾಗಿ ಜತ್ತ, ಅಕ್ಕಲಕೋಟೆಗಳ ಕಡೆಗಿವೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಲಿ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಪ್ರಕಟಿಸುತ್ತದೆ. ಆದರೆ ಶಾಲೆಗೆ ಬರುವ ಯಂತ್ರದಲ್ಲಿ ಕನ್ನಡ ಮೂಡುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಹೆಚ್ಚೇನಲ್ಲ. ಯುನಿಕೋಡ್ ಲಿಪಿ, ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಅದನ್ನು ಕಲಿಸಲು ಒಂದು ದಿನದ ತರಬೇತಿ. ಇವಕ್ಕೆ ಖರ್ಚಿಲ್ಲ, ಅರ್ಜಿಯಲ್ಲಿ ಒಂದು ಸಾಲು ಬೇಕು.

ಮನೆಮಾತು ಮತ್ತು ಯಂತ್ರ ಒಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ರಣಜಿತಸಿಂಹ ಡಿಸಲೆಯವರ ಉದಾಹರಣೆಯಿದೆ. 2009ರಲ್ಲಿ ಅವರು ಅಲ್ಲಿಗೆ ಹೋದಾಗ ಶಾಲೆ ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಇತ್ತು. ಪಠ್ಯ ಮಕ್ಕಳ ಮನೆಮಾತಾದ ಕನ್ನಡದಲ್ಲಿರಲಿಲ್ಲ ಎಂದು ಜಾಗತಿಕ ಶಿಕ್ಷಕ ಪ್ರಶಸ್ತಿ ಕೊಟ್ಟವರ ಪರಿಚಯಪತ್ರ ಹೇಳುತ್ತದೆ. ಅವರು ಪಾಠವನ್ನು ಮಕ್ಕಳ ಭಾಷೆಗೆ ತಂದು, ಪುಸ್ತಕದಲ್ಲಿ ಕ್ಯೂಆರ್ ಸಂಕೇತ ಅಂಟಿಸಿ, ಹಾಡು, ಪಾಠ, ಅಭ್ಯಾಸಗಳನ್ನು ಸೇರಿಸಿದರು. 2020ರ ಡಿಸೆಂಬರಿನಲ್ಲಿ 10 ಲಕ್ಷ ಡಾಲರಿನ ಆ ಪ್ರಶಸ್ತಿ ಬಂದಾಗ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಗೆ ಹಂಚಿದರು. ಯಂತ್ರ ಬಂದದ್ದು ಆಮೇಲೆ, ಏನು ಕಲಿಸಬೇಕೆಂಬುದು ಅವರಿಗೆ ಮೊದಲೇ ಗೊತ್ತಿತ್ತು ಎಂದು ನನ್ನ ಊಹೆ.

ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಮೂರು ವರ್ಷದ್ದು. ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳು ಮೊದಲೇ ಅದು ತಯಾರಾಗಿರಬೇಕು, ಎಂದರೆ ಡಿಸೆಂಬರ್ ಕೊನೆಯೊಳಗೆ. ದೀಪಾವಳಿ ರಜೆ ಮುಗಿದ ಮೇಲೆ ಸಮಿತಿ ಎರಡು ಸಲ ಸೇರಿದರೆ ಕೆಲಸವಾಗುತ್ತದೆ. ಮೊದಲ ಸಭೆಗೆ ಬೀಗದ ಕೋಣೆಯ ಕೀಲಿಕೈಯನ್ನೂ ತರಲಿ.