‘ಬೋರ್ ಬೇಡ, ರಿಂಗ್ ಹಾಕಿದರೆ ಸಾಕು’: ಬೈಕ್ ಎಂಜಿನ್ ಬಗೆಗಿನ ಈ ಫಾರ್ವರ್ಡ್ ಎಷ್ಟು ನಿಜ?

“ಬೈಕ್ ಹೊಗೆ ಬಿಡುತ್ತಿದೆಯಾ? ಬೋರ್ ಮಾಡಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳಬೇಡಿ. ರಿಂಗ್ ಸೆಟ್ ತಂದು ಹಾಕಿ, ಸಾಕು. ರಿಂಗ್ ಯಾವ ಕಡೆ ಹಾಕಿದರೂ ನಡೆಯುತ್ತದೆ. ಹಾಕಿದ ಮೇಲೆ ಎರಡು ಗಂಟೆ ಸ್ಟಾರ್ಟ್ ಮಾಡಿ ನಿಲ್ಲಿಸಿ. ಮೊದಲ ಐದು ಲೀಟರ್ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ. ಎಲ್ಲ ಗುಂಪಿಗೂ ಕಳಿಸಿ.”

ಸೊರಬದ ಓದುಗರೊಬ್ಬರು ನಮಗೆ ಕಳಿಸಿದ ಸಂದೇಶ ಇದು. ಅವರ ಪ್ರಶ್ನೆ ‘ಇದು ನಿಜವೇ’ ಎಂಬುದಾಗಿರಲಿಲ್ಲ, ಏಕೆಂದರೆ ಅದರಲ್ಲಿ ಹೇಳಿದ್ದನ್ನೆಲ್ಲ ಅವರು ಆಗಲೇ ಮಾಡಿ ಮುಗಿಸಿದ್ದರು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನ್, ಆಮೇಲೆ ಶಾಲೆಗೆ ಮಗಳು, ಸಂಜೆ ತೋಟಕ್ಕೆ ಗೊಬ್ಬರ, ಎಲ್ಲವೂ ಒಂದೇ ಹಳೆಯ ಸ್ಪ್ಲೆಂಡರ್ ಮೇಲೆ. ಊರಿನ ಹುಡುಗನೊಬ್ಬ ಹೊಸ ರಿಂಗ್ ಹಾಕಿಕೊಟ್ಟು ಮೂರು ವಾರವಾಗಿತ್ತು. ಹೊಗೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಈಗ ಬೇರೆ ಕಡೆ ತೋರಿಸಿದರೆ “ಬ್ಲಾಕೇ ಹೋಗಿದೆ, ಹೊಸ ಬೋರ್ ಕಿಟ್ ಹಾಕಿ” ಎನ್ನುತ್ತಿದ್ದಾರೆ. ಆ ದುಡ್ಡು ಹಾಕಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ.

ಉತ್ತರಕ್ಕೆ ಮೊದಲು ಒಂದು ಮಾತು. ಹೊಗೆಯೆಲ್ಲ ರಿಂಗಿನ ಹೊಗೆಯಲ್ಲ. ಮಲೆನಾಡಿನ ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬಂದು ಎರಡು ನಿಮಿಷದಲ್ಲಿ ಮಾಯವಾಗುವ ಬಿಳಿ ಹೊಗೆ ಬರೀ ನೀರಿನ ಆವಿ. ಪೆಟ್ರೋಲ್ ಉರಿದಾಗ ನೀರೂ ಹುಟ್ಟುತ್ತದೆ, ಚಳಿಗೆ ಅದು ಕಾಣುತ್ತದೆ, ಅಷ್ಟೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಕಾರ್ಬ್ಯುರೇಟರ್, ಏರ್ ಫಿಲ್ಟರ್ ನೋಡಿಸಿ. ನೀಲಿ ಬಣ್ಣದ, ಸುಟ್ಟ ಎಣ್ಣೆಯ ವಾಸನೆಯ ಹೊಗೆಯೊಂದೇ ಎಂಜಿನ್ ಆಯಿಲ್ ಉರಿಯುತ್ತಿರುವ ಗುರುತು. ಅದರಲ್ಲೂ ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಒಮ್ಮೆ ಬುಸ್ಸೆಂದು ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ಅನುಮಾನ ಹೋಗಬೇಕಾದ್ದು ಹೆಡ್ಡಿನ ವಾಲ್ವ್ ಆಯಿಲ್ ಸೀಲ್ ಮೇಲೆ. ಪುಟ್ಟ ರಬ್ಬರ್ ಸೀಲ್ ಅದು, ರಿಂಗ್-ಪಿಸ್ಟನ್ನಿನ ತಂಟೆಗೆ ಹೋಗುವ ಅಗತ್ಯವೇ ಇರುವುದಿಲ್ಲ. ಎಕ್ಸಿಲರೇಟರ್ ಕೊಟ್ಟಾಗಲೆಲ್ಲ, ಏರು ಹತ್ತುವಾಗಲೆಲ್ಲ ಬಿಡದೆ ಹೊಗೆ ಬಂದರೆ ಮಾತ್ರ ರಿಂಗು, ಬೋರಿನ ಕಡೆ ನೋಡಬೇಕು. ನಮ್ಮ ಓದುಗರ ಗಾಡಿಯದು ಈ ಎರಡನೆಯ ಬಗೆ.

ರಿಂಗ್ ಮಾಡುವ ಕೆಲಸವೇನು?

ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದು ಓಡಾಡುವ ಬೋರ್, ಇಂಥ ಬೈಕುಗಳಲ್ಲಿ, ಸಾಮಾನ್ಯವಾಗಿ ಎರಕದ ಕಬ್ಬಿಣದ ಕೊಳವೆ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗಾಗಿ ಪಿಸ್ಟನ್ನನ್ನು ಬೋರಿಗೆ ಬಿಗಿಯಾಗಿ ಮಾಡುವಂತಿಲ್ಲ, ಮಾಡಿದರೆ ಬಿಸಿಗೆ ಕಚ್ಚಿಕೊಂಡು ಸೀಜ್ ಆಗುತ್ತದೆ. ಬಿಟ್ಟ ಆ ಸಂದನ್ನು ಮುಚ್ಚುವುದು ರಿಂಗು.

ಫೋರ್ ಸ್ಟ್ರೋಕ್ ಬೈಕಿನಲ್ಲಿ ಸಾಮಾನ್ಯವಾಗಿ ಮೂರು ರಿಂಗ್. ಮೇಲಿನದು ಉರಿದ ಅನಿಲ ಕೆಳಗೆ ಸೋರದಂತೆ ತಡೆಯುತ್ತದೆ. ಎರಡನೆಯದು ಅದಕ್ಕೆ ಆಸರೆ, ಜೊತೆಗೆ ಗೋಡೆಗೆ ಅಂಟಿದ ಎಣ್ಣೆಯನ್ನು ಕೆಳಕ್ಕೆ ಕೆರೆಯುತ್ತದೆ. ಮೂರನೆಯದು ಆಯಿಲ್ ರಿಂಗ್, ಎರಡು ತೆಳು ಪಟ್ಟಿ, ನಡುವೆ ಅಲೆಅಲೆಯಾದ ಸ್ಪ್ರಿಂಗ್. ಪಿಸ್ಟನ್ನಿನ ತಲೆಯ ಬಿಸಿಯನ್ನು ಬೋರಿನ ಗೋಡೆಗೆ ದಾಟಿಸುವ ಕೆಲಸವೂ ಬಹುಪಾಲು ರಿಂಗುಗಳದ್ದೇ. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ರಿಂಗ್ ಗೋಡೆಗೆ ಅಂಟಿಕೊಂಡು ನಿಲ್ಲುವುದು ತನ್ನ ಸ್ಪ್ರಿಂಗ್ ಗುಣದಿಂದಷ್ಟೇ ಅಲ್ಲ. ಪೆಟ್ರೋಲ್ ಉರಿದಾಗ ಒತ್ತಡದ ಅನಿಲ ಮೇಲಿನ ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಹೊರಕ್ಕೆ ದೂಡುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಇದು ನೆನಪಿರಲಿ, ಫಾರ್ವರ್ಡಿನ ‘ಎರಡು ಗಂಟೆ’ ಸಲಹೆಗೆ ಬಂದಾಗ ಬೇಕಾಗುತ್ತದೆ.

‘ಯಾವ ಕಡೆ ಹಾಕಿದರೂ ನಡೆಯುತ್ತದೆ’: ತಪ್ಪು

ಹೊಸ ರಿಂಗನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಎರಡು ರಿಂಗುಗಳ ತುದಿಯ ಹತ್ತಿರ ಒಂದು ಅಕ್ಷರವೋ ‘ಟಾಪ್’ ಎಂಬ ಗುರುತೋ ಸಣ್ಣದಾಗಿ ಕೊರೆದಿರುತ್ತದೆ. ಅದು ಆಕಾಶ ನೋಡಬೇಕು, ಅಂದರೆ ಪಿಸ್ಟನ್ನಿನ ತಲೆಯ ಕಡೆಗೆ. ಎರಡನೆಯ ರಿಂಗಿನ ಹೊರಮೈ ನೇರವಾಗಿರದೆ ತುಸು ಓರೆಯಾಗಿರುತ್ತದೆ, ಕೆಳಗಿನ ಅಂಚು ಗೋಡೆಗೆ ತಾಗುವಂತೆ. ದೋಸೆ ಕಾವಲಿ ಕೆರೆಯುವ ಮೊಗಚೆಕೈ ಹಾಗೆ ಅದು ಎಣ್ಣೆಯನ್ನು ಕೆಳಕ್ಕೆ ತಳ್ಳುತ್ತದೆ. ತಲೆಕೆಳಗಾಗಿ ಹಾಕಿದರೆ? ಕೆರೆಯುವುದು ನಿಲ್ಲುವುದಿಲ್ಲ, ದಿಕ್ಕು ಬದಲಾಗುತ್ತದೆ. ಎಣ್ಣೆ ಮೇಲಕ್ಕೆ, ಉರಿಯುವ ಜಾಗಕ್ಕೇ ಹೋಗುತ್ತದೆ. ಕಂಪ್ರೆಷನ್ ಚೆನ್ನಾಗಿಯೇ ಇರಬಹುದು, ಕಿಕ್ಕರ್ ಬಿಗಿಯಾಗಿಯೇ ಇರಬಹುದು, ಆದರೂ ಹೊಗೆ ನಿಲ್ಲುವುದಿಲ್ಲ.

ಪಿಸ್ಟನ್ನಿಗೂ ದಿಕ್ಕಿದೆ. ಹೋಂಡಾ ಮಾದರಿಯ ಎಂಜಿನ್‌ಗಳಲ್ಲಿ ತಲೆಯ ಮೇಲಿನ ‘ಇನ್’ ಗುರುತು ಕಾರ್ಬ್ಯುರೇಟರಿನ ಕಡೆ ಬರಬೇಕು. ವಾಲ್ವುಗಳಿಗೆ ಬಿಟ್ಟ ತಗ್ಗುಗಳು ಆ ಲೆಕ್ಕದಲ್ಲೇ ಇರುತ್ತವೆ.

ರಿಂಗಿನ ಬಾಯಿ: ಎರಡು ಹಾಳೆಯಷ್ಟು ಸಂದು

ಅಳೆಯಬೇಕಾದ್ದು ಇನ್ನೊಂದಿದೆ, ಫಾರ್ವರ್ಡಿನಲ್ಲಿ ಅದರ ಸುಳಿವೇ ಇಲ್ಲ. ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬರೀ ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ಮೆಲ್ಲಗೆ ತಳ್ಳಿ ನೇರ ಮಾಡಿ, ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ ಹಾಕಿ ನೋಡಬೇಕು. ಟ್ಯಾಪೆಟ್ ಸೆಟ್ ಮಾಡಲು ಬಳಸುವ ಪಟ್ಟಿಗಳೇ ಇವು, ಪ್ರತಿ ಗ್ಯಾರೇಜಿನಲ್ಲೂ ಇರುತ್ತವೆ.

ಇಷ್ಟು ಸಣ್ಣ ಸಂದಿಗೆ ಇಷ್ಟು ಗಲಾಟೆ ಯಾಕೆ ಎಂದರೆ, ಲೆಕ್ಕ ಹಾಕಿ ನೋಡೋಣ. ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ನಿನ ಬೋರ್ 50 ಮಿ.ಮೀ. ಅಂದರೆ ರಿಂಗನ್ನು ಬಿಡಿಸಿ ಉದ್ದ ಮಾಡಿದರೆ ಸುಮಾರು 157 ಮಿ.ಮೀ. ಎರಕದ ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಭಾಗ ಹಿಗ್ಗುತ್ತದೆ. ಓಡುವ ಎಂಜಿನ್ನಿನಲ್ಲಿ ರಿಂಗು ಬೋರಿನ ಗೋಡೆಗಿಂತ 100 ಡಿಗ್ರಿ ಹೆಚ್ಚು ಬಿಸಿಯಾಯಿತು ಎಂದಿಟ್ಟುಕೊಳ್ಳಿ. ಆಗ ಅದು ಸುಮಾರು 0.17 ಮಿ.ಮೀ. ಹೆಚ್ಚು ಉದ್ದವಾಗುತ್ತದೆ. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ.; ಹೆಚ್ಚುಕಡಿಮೆ ಎರಡು ಹಾಳೆಯಷ್ಟು. ಅಷ್ಟು ಜಾಗ ಬಿಟ್ಟಿರದಿದ್ದರೆ ತುದಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಹೋಗಲು ದಾರಿಯಿಲ್ಲದೆ ರಿಂಗು ಹೊರಕ್ಕೆ ಒತ್ತಿ ಬೋರನ್ನೇ ಗೀರುತ್ತದೆ, ಇಲ್ಲವೇ ತಾನೇ ಮುರಿಯುತ್ತದೆ. ತೀರಾ ಹೆಚ್ಚು ಸಂದಿದ್ದರೆ ಅನಿಲ ಸೋರುತ್ತದೆ. ನಿಮ್ಮ ಗಾಡಿಗೆ ಎಷ್ಟಿರಬೇಕು ಎಂಬುದು ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ, ನಮ್ಮ ಲೆಕ್ಕವನ್ನೇ ಅಳತೆ ಎಂದುಕೊಳ್ಳಬೇಡಿ.

ಹೊಸ ರಿಂಗಿನಲ್ಲೇ ಸಂದು ಮಿತಿ ಮೀರಿದ್ದರೆ ಎರಡೇ ಕಾರಣ: ರಿಂಗ್ ಬೇರೆ ಸೈಜಿನದು, ಅಥವಾ ಬೋರ್ ಸವೆದಿದೆ. ಫಾರ್ವರ್ಡಿನ ಮೊದಲ ವಾಕ್ಯ ನಿಜವೋ ಸುಳ್ಳೋ ತೀರ್ಮಾನವಾಗುವುದು ಇಲ್ಲೇ. ಬೋರ್ ಸವೆಯುವಾಗ ದುಂಡಗೆ ಸವೆಯುವುದಿಲ್ಲ. ಮೇಲ್ಭಾಗದಲ್ಲಿ ಹೆಚ್ಚು, ಕೆಳಗೆ ಕಡಿಮೆ, ಅದೂ ಮೊಟ್ಟೆಯಾಕಾರಕ್ಕೆ. ದುಂಡಗಿನ ಹೊಸ ರಿಂಗು ಮೊಟ್ಟೆಯಾಕಾರದ ತೂತಿನಲ್ಲಿ ಕೂರುವುದಿಲ್ಲ. ಅಂಥ ಬ್ಲಾಕನ್ನು ಲೇತಿಗೆ ಕಳಿಸಿ, ಕೊರೆಸಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಆದರೆ ಅಳೆದು ನೋಡಿದಾಗ ಬೋರ್ ಮಿತಿಯೊಳಗಿದ್ದರೆ ರಿಂಗ್ ಬದಲಿಸಿದರೆ ಸಾಕು ಎಂಬುದು ನಿಜವೇ. ಬೆರಳಾಡಿಸಿ “ಹೋಗಿದೆ” ಎನ್ನುವುದೂ, ಬೆರಳಾಡಿಸಿ “ಚೆನ್ನಾಗಿದೆ” ಎನ್ನುವುದೂ ಒಂದೇ. ಬೋರ್ ಗೇಜ್ ಇಟ್ಟು ಅಳೆಯಿಸಿ, ಅಂಕಿ ಬರೆಸಿಕೊಳ್ಳಿ.

ತೊಳೆಯುವ ಕೆಲಸ, ಯಾರಿಗೂ ಬೇಡದ್ದು

ಹೊಸ ರಿಂಗ್ ಹಾಕುವ ಮೊದಲು ಬೋರಿನ ನುಣುಪನ್ನು ಹೋನಿಂಗ್ ಕಲ್ಲಿನಿಂದ ತುಸು ಉಜ್ಜಿ ಅಡ್ಡಡ್ಡ ಗೆರೆ ಮೂಡಿಸುತ್ತಾರೆ. ಎಣ್ಣೆ ಆ ಗೆರೆಗಳಲ್ಲಿ ನಿಲ್ಲುತ್ತದೆ. ಆದರೆ ಕಲ್ಲಿನ ಪುಡಿಯೂ ಅಲ್ಲೇ ನಿಲ್ಲುತ್ತದೆ. ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಅದ್ದಿದರೆ ಅದು ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆದು, ಒಣಗಿಸಿ, ತುಕ್ಕು ಹಿಡಿಯದಂತೆ ಕೂಡಲೇ ಎಂಜಿನ್ ಆಯಿಲ್ ಸವರಬೇಕು. ಇಲ್ಲದಿದ್ದರೆ ಉಳಿದ ಪುಡಿ ಹೊಸ ರಿಂಗನ್ನು ಒಳಗಿಂದಲೇ ಅರೆಯುತ್ತದೆ. ಇದೇ ಕಾರಣಕ್ಕೆ, ಏರ್ ಫಿಲ್ಟರ್ ತೆಗೆದರೆ ಮೈಲೇಜ್ ಬರುತ್ತದೆ ಎಂಬ ಇನ್ನೊಂದು ಫಾರ್ವರ್ಡನ್ನೂ ನಂಬಬೇಡಿ. ನಮ್ಮ ಕಡೆಯ ಕೆಂಧೂಳು ಬೇಸಿಗೆಯಲ್ಲಿ ಮಾಡುವುದು ಇದೇ ಅರೆಯುವ ಕೆಲಸ.

ಜೋಡಣೆಯಲ್ಲಿ ಆಯಿಲ್ ರಿಂಗ್ ಮೊದಲು, ಆಮೇಲೆ ಎರಡನೆಯದು, ಕೊನೆಗೆ ಮೇಲಿನದು. ಆಯಿಲ್ ರಿಂಗಿನ ಸ್ಪ್ರಿಂಗ್ ತುದಿಗಳು ಒಂದರ ಮೇಲೊಂದು ಹತ್ತಬಾರದು. ರಿಂಗನ್ನು ಬೇಕಾದ್ದಕ್ಕಿಂತ ಅಗಲಿಸಬೇಡಿ, ಎರಕದ ಕಬ್ಬಿಣ ಬಳೆಯಂತೆ ಪಟ್ಟನೆ ಮುರಿಯುತ್ತದೆ. ಬಾಯಿಗಳು ಒಂದೇ ಸಾಲಿಗೆ ಬಾರದಂತೆ ಸುಮಾರು 120 ಡಿಗ್ರಿ ಅಂತರದಲ್ಲಿಡಿ. ಫೋರ್ ಸ್ಟ್ರೋಕಿನಲ್ಲಿ ರಿಂಗುಗಳು ಓಡುತ್ತ ಓಡುತ್ತ ತಾವೇ ನಿಧಾನ ತಿರುಗುತ್ತವೆ, ಆದರೂ ಆರಂಭ ಸರಿಯಿರಲಿ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಹೊಸದೇ ಹಾಕಬೇಕು. ಹಾಕುವಾಗ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ. ಚಿಮ್ಮಿದ ಸರ್ಕ್ಲಿಪ್ ಒಳಗೆ ಬಿದ್ದರೆ ಅರ್ಧ ಎಂಜಿನ್ ಕೆಲಸ ಪೂರ್ತಿ ಎಂಜಿನ್ ಕೆಲಸವಾಗುತ್ತದೆ.

2ಟಿ ಆಯಿಲ್, ಎರಡು ಗಂಟೆ

2ಟಿ ಸಲಹೆ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ನಮ್ಮ ಹಿರಿಯ ಮೆಕ್ಯಾನಿಕ್‌ಗಳಲ್ಲಿ ಎಷ್ಟೋ ಮಂದಿ ಕೈ ಪಳಗಿಸಿಕೊಂಡದ್ದು ಅವುಗಳ ಮೇಲೆ. ಅವು ಟೂ ಸ್ಟ್ರೋಕ್. ಅವುಗಳಲ್ಲಿ ಆಯಿಲ್ ರಿಂಗೇ ಇಲ್ಲ, ಪಿಸ್ಟನ್ನಿಗೆ ಎಣ್ಣೆ ಸಿಗುತ್ತಿದ್ದದ್ದೇ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲಿನಿಂದ. ರಿಂಗಿನ ಬಾಯಿ ಬೋರಿನ ಕಿಂಡಿಗೆ ಸಿಕ್ಕಿ ಮುರಿಯದಿರಲೆಂದು ಅದನ್ನು ತಿರುಗದಂತೆ ಹಿಡಿಯುವ ಸಣ್ಣ ಪಿನ್ನೂ ಇರುತ್ತದೆ. ಅಲ್ಲಿ ಸರಿಯಿದ್ದ ಮಾತು ಸ್ಪ್ಲೆಂಡರಿಗೆ ಬಂದಾಗ ಅರ್ಥ ಕಳೆದುಕೊಂಡಿತು. ಫೋರ್ ಸ್ಟ್ರೋಕಿಗೆ ಎಣ್ಣೆ ಕೆಳಗಿನಿಂದಲೇ ಬರುತ್ತದೆ. ಪೆಟ್ರೋಲಿಗೆ ಬೆರೆಸಿದ್ದು ಉರಿದು ಹೊಗೆ, ಮಸಿ ಆಗುತ್ತದೆ. ನಿಮ್ಮ ರಿಂಗ್ ಕೂತಿದೆಯೋ ಇಲ್ಲವೋ ಎಂಬುದೂ ಆ ಹೊಗೆಯಲ್ಲಿ ತಿಳಿಯುವುದಿಲ್ಲ.

ಎರಡು ಗಂಟೆ ಸುಮ್ಮನೆ ಓಡಿಸಿ ನಿಲ್ಲಿಸುವುದು ಇನ್ನೂ ಕೆಟ್ಟದ್ದು. ಐಡ್ಲಿಂಗಿನಲ್ಲಿ ಒತ್ತಡ ಕಡಿಮೆ, ಆದ್ದರಿಂದ ರಿಂಗನ್ನು ಗೋಡೆಗೆ ದೂಡುವ ಅನಿಲವೂ ಕಡಿಮೆ. ಗೋಡೆಯ ಮೇಲೆ ಎಣ್ಣೆ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ, ರಿಂಗು ಕೂರುವುದಿಲ್ಲ. ನಿಂತ ಗಾಡಿಗೆ ಗಾಳಿಯೂ ತಾಗದು. ಐದು ನಿಮಿಷ ಓಡಿಸಿ, ಎಲ್ಲೂ ಸೋರಿಕೆಯಿಲ್ಲವೆಂದು ನೋಡಿ, ರಸ್ತೆಗೆ ಹೊರಡಿ. ಆನವಟ್ಟಿ ಕಡೆಗೋ ಶಿಕಾರಿಪುರದ ಕಡೆಗೋ, ವೇಗ ಏರಿಸುತ್ತ ಇಳಿಸುತ್ತ, ಪೂರ್ತಿ ಎಕ್ಸಿಲರೇಟರ್ ತಿರುಚದೆ, ಹಿಂದೆ ಭಾರ ಹೇರದೆ ಹೋಗಿಬನ್ನಿ. ಟಾಪ್ ಗೇರಿನಲ್ಲಿ ಏದುಸಿರು ಬಿಡಿಸಿಕೊಂಡು ಏರು ಹತ್ತಿಸಬೇಡಿ. ಮೊದಲ ಆಯಿಲ್ ಬೇಗ ಬದಲಿಸಿ, ಆರಂಭದ ಸವೆತದ ಪುಡಿಯೆಲ್ಲ ಅದರಲ್ಲಿರುತ್ತದೆ.

ನಮ್ಮ ಓದುಗರು ಬೋರ್ ಕಿಟ್ ಕೊಳ್ಳುವ ಮೊದಲು ಸಾಗರದಲ್ಲಿ ಬ್ಲಾಕ್ ಅಳೆಯಿಸಿದರು. ಬೋರ್ ಮಿತಿಯೊಳಗೇ ಇತ್ತು. ಎರಡನೆಯ ರಿಂಗಿನ ಅಕ್ಷರ ನೆಲ ನೋಡುತ್ತಿತ್ತು. ಹೋನಿಂಗ್, ಹೊಸ ರಿಂಗ್ ಸೆಟ್, ಗ್ಯಾಸ್ಕೆಟ್, ಹೊಸ ಆಯಿಲ್, ಇಷ್ಟಕ್ಕೇ ಮುಗಿಯಿತು. ಕೆಲಸ ಮಾಡಿದ್ದು ಮೊದಲು ಹಾಕಿದ್ದ ಹುಡುಗನೇ, ಕೂಲಿ ತೆಗೆದುಕೊಳ್ಳಲಿಲ್ಲವಂತೆ. ಮೊದಲ ನಾಲ್ಕೈದು ದಿನ ಸ್ವಲ್ಪ ಹೊಗೆ ಬಂದು ನಿಂತಿದೆ. ಹಾಲಿನ ಕ್ಯಾನ್ ಆ ವಾರ ಪಕ್ಕದ ಮನೆಯವರ ಗಾಡಿಯಲ್ಲಿ ಹೋಯಿತು.