ಗುಂಡಿಗಳು ಮೂರು, ಬೆಲೆ ಲಕ್ಷ ಮೀರಿ: ಸರಳ ಕ್ಯಾಮೆರಾ ವರ್ತಕರಿಗೆ ಒಗ್ಗೀತೇ?

ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಇಳಕಲ್ ಹುನಗುಂದ ಭಾಗದ ಗ್ರಾನೈಟ್ ಚಪ್ಪಡಿ. ಬಾಗಲಕೋಟೆ ಜಿಲ್ಲೆಯ ಈ ಮೂರು ಸರಕುಗಳಿಗೆ ಒಂದು ಸಮಾನ ಗುಣವಿದೆ. ಇವುಗಳ ಬೆಲೆ ನಿಂತಿರುವುದು ಬಣ್ಣದ ಮೇಲೆ ಮತ್ತು ಮೇಲ್ಮೈಯ ಮೇಲೆ. ಗಿರಾಕಿಯು ಗಾದಿಯ ಮೇಲೆ ಎದುರು ಕುಳಿತು, ಸೆರಗನ್ನು ಬಿಡಿಸಿ, ಕೈಯಿಂದ ಮುಟ್ಟಿ ನೋಡುತ್ತಿದ್ದ ಕಾಲದಲ್ಲಿ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಈಗ ಬೇಡಿಕೆಯ ಗಣನೀಯ ಪಾಲು ಮೊಬೈಲ್ ಪರದೆಯ ಮೇಲಿನ ಚಿತ್ರವನ್ನು ನೋಡಿ ಬರುತ್ತದೆ. ದಾಳಿಂಬೆ ಕೆಂಪು ಎಂದು ಕಳುಹಿಸಿದ ಸೀರೆಯು ಚಿತ್ರದಲ್ಲಿ ಕಿತ್ತಳೆಯ ಛಾಯೆಯಲ್ಲಿ ಕಂಡಿದ್ದರೆ ಸರಕು ಹಿಂದಿರುಗುತ್ತದೆ. ಹೋಗಿ ಬರುವ ಸಾಗಾಣಿಕೆಯ ಖರ್ಚು ಮತ್ತು ಮಡಿಕೆ ಕೆಟ್ಟ ಸೀರೆಯ ನಷ್ಟ, ಎರಡೂ ವರ್ತಕನ ಲೆಕ್ಕಕ್ಕೇ ಸೇರುತ್ತವೆ. ಕ್ಯಾಮೆರಾ ಎಂಬುದು ಹೀಗೆ ತಕ್ಕಡಿಯಂತೆ ಅಂಗಡಿಯ ಒಂದು ಸಲಕರಣೆಯಾಗಿ ಪರಿಣಮಿಸಿದೆ.

ಈ ಹಿನ್ನೆಲೆಯಲ್ಲಿ ಒಂದು ಹೊಸ ಬಗೆಯ ಕ್ಯಾಮೆರಾ ವಿಚಾರಣೆಗೆ ಅರ್ಹವಾಗಿದೆ. ಜಪಾನಿನ ಸಿಗ್ಮಾ ಕಂಪನಿಯು 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ‘ಬಿಎಫ್’ ಎಂಬ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ತನ್ನ ವರ್ಗದಲ್ಲಿಯೇ ಅತ್ಯಂತ ಸರಳವಾದುದು. ಅದರ ಮೈಯನ್ನು ಅಲ್ಯೂಮಿನಿಯಂನ ಒಂದೇ ಗಟ್ಟಿಯಿಂದ ಕೊರೆದು ತೆಗೆಯಲಾಗುತ್ತದೆ. ಒಂದು ಮೈ ಸಿದ್ಧವಾಗಲು ಯಂತ್ರವು ಸತತವಾಗಿ ಏಳು ಗಂಟೆ ಕೆಲಸ ಮಾಡುತ್ತದೆಂದು ಕಂಪನಿ ಹೇಳಿಕೊಂಡಿದೆ. ಹಿಂಬದಿಯಲ್ಲಿ ಒಂದು ತಿರುಗುಚಕ್ರ ಮತ್ತು ಮೂರು ಗುಂಡಿಗಳಿವೆ. ಉಳಿದದ್ದು ಸ್ಪರ್ಶ ಪರದೆ. ಬ್ಯಾಟರಿ ಸಹಿತ ತೂಕ 446 ಗ್ರಾಂ. ಪ್ರಕಟಣೆಯ ವೇಳೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 1,999 ಡಾಲರ್, ಅಂದರೆ ಅಂದಿನ ವಿನಿಮಯ ದರದಲ್ಲಿ ಸುಂಕ ಮತ್ತು ತೆರಿಗೆ ಸೇರಿಸದೆಯೇ 1.70 ಲಕ್ಷ ರೂಪಾಯಿಗೂ ಮಿಕ್ಕಿ. ಲೆನ್ಸ್‌ಗೆ ಬೇರೆ ಹಣ.

ಇಷ್ಟು ಹಣ ಕೊಟ್ಟು ಕೊಂಡ ವಸ್ತುವಿನಲ್ಲಿ ಏನಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಯಾಂತ್ರಿಕ ಶಟರ್ ಇಲ್ಲ. ಕೈ ಅಲುಗಾಟವನ್ನು ಸರಿದೂಗಿಸುವ ವ್ಯವಸ್ಥೆ ಕ್ಯಾಮೆರಾದ ಒಳಗೆ ಇಲ್ಲ. ಫ್ಲಾಶ್ ಕೂರಿಸುವ ಸ್ಥಳವೇ ಇಲ್ಲ. ಮೆಮೊರಿ ಕಾರ್ಡ್ ಹಾಕುವ ಕಿಂಡಿಯೂ ಇಲ್ಲ. ಬದಲಿಗೆ ಒಳಗೇ 230 ಜಿಬಿ ಸಂಗ್ರಹಣಾ ಸಾಮರ್ಥ್ಯವಿದೆ. ಹೊರಜಗತ್ತಿಗೆ ಇರುವ ಬಾಗಿಲು ಒಂದೇ ಒಂದು ಯುಎಸ್‌ಬಿ-ಸಿ ರಂಧ್ರ. ಇದೇ ಕಂಪನಿಯು 2019ರಲ್ಲಿ ತಂದ ‘ಎಫ್‌ಪಿ’ ಮಾದರಿಯು ಇಷ್ಟು ವೈರಾಗ್ಯವನ್ನು ತಾಳಿರಲಿಲ್ಲ. ಅದರಲ್ಲಿ ಕಾರ್ಡಿಗೆ ಜಾಗವಿತ್ತು, ಬಿಡಿಭಾಗವೊಂದನ್ನು ಜೋಡಿಸಿ ಫ್ಲಾಶ್ ಬಳಸಬಹುದಾಗಿತ್ತು. ಆದರೆ ಆ ಫ್ಲಾಶ್ ಹೊಂದುತ್ತಿದ್ದುದು ಸೆಕೆಂಡಿನ 1/30 ಭಾಗದಷ್ಟು ನಿಧಾನ ಶಟರ್‌ಗೆ ಮಾತ್ರ.

ಸೀರೆ ಮಳಿಗೆಯಲ್ಲಿ

ಇಳಕಲ್ ಸೀರೆಯ ಮಟ್ಟಿಗೆ ಈ ‘ಇಲ್ಲ’ಗಳ ಪೈಕಿ ಹಲವು ಬಾಧಕವಲ್ಲ ಎಂಬುದು ಆಶ್ಚರ್ಯವೆನಿಸಿದರೂ ನಿಜ. ಸೀರೆ ಅಲುಗಾಡುವುದಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎರಡು ಬದಿಗೆ ಸ್ಥಿರ ದೀಪಗಳನ್ನಿಟ್ಟು ಚಿತ್ರ ತೆಗೆಯುವಾಗ ಅಲುಗಾಟ ತಡೆಯುವ ವ್ಯವಸ್ಥೆಯಾಗಲಿ, ಫ್ಲಾಶ್ ಆಗಲಿ ಬೇಕಾಗುವುದಿಲ್ಲ. ದಿನಕ್ಕೆ 40 ಸೀರೆಗಳು, ಒಂದೊಂದಕ್ಕೆ ಆರು ಚಿತ್ರಗಳು ಎಂದಿಟ್ಟುಕೊಂಡರೂ 240 ಚಿತ್ರಗಳಾದವು. ಬಿಎಫ್‌ನ ಒಳಸಂಗ್ರಹದಲ್ಲಿ 14,000ಕ್ಕೂ ಹೆಚ್ಚು ಜೆಪಿಇಜಿ ಚಿತ್ರಗಳು ಹಿಡಿಯುವುದರಿಂದ ಸುಮಾರು ಎರಡು ತಿಂಗಳವರೆಗೆ ಜಾಗದ ಚಿಂತೆಯಿಲ್ಲ. ಗುಂಡಿಗಳು ಕಡಿಮೆಯಿರುವುದರಿಂದ ಇನ್ನೊಂದು ಅನುಕೂಲವಿದೆ. ಮಳಿಗೆಯಲ್ಲಿ ಒಂದೇ ಕ್ಯಾಮೆರಾವನ್ನು ಮೂರು ಜನ ನೌಕರರು ಬಳಸುವಾಗ ಬೆಳಿಗ್ಗೆಯ ಹೊಂದಾಣಿಕೆ ಸಂಜೆಯ ವೇಳೆಗೆ ಅರಿಯದೆ ಬದಲಾಗಿರುವುದು ಸಾಮಾನ್ಯ. ತಪ್ಪಿ ಒತ್ತಲು ಗುಂಡಿಯೇ ಇಲ್ಲದ ಯಂತ್ರದಲ್ಲಿ ಆ ಭಯ ಕಡಿಮೆ.

ಫುಲ್ ಫ್ರೇಮ್‌ನಿಂದ ನಿಜವಾಗಿ ದೊರೆಯುವುದೇನು? ಸೆನ್ಸರ್‌ನ ಅಳತೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಉತ್ತಮ ಮೊಬೈಲಿನ ಮುಖ್ಯ ಸೆನ್ಸರ್‌ಗಿಂತ ವಿಸ್ತೀರ್ಣದಲ್ಲಿ ಇದು ಸಾಮಾನ್ಯವಾಗಿ ಹತ್ತು ಪಟ್ಟಿಗೂ ದೊಡ್ಡದು. ಹೆಚ್ಚು ಬೆಳಕು ಬೀಳುವುದರಿಂದ ಕಡು ನೀಲಿ, ನವಿಲು ಹಸಿರು ಮುಂತಾದ ಗಾಢ ಬಣ್ಣಗಳೊಳಗಿನ ಸೂಕ್ಷ್ಮ ಛಾಯೆಗಳು ಕಲಸಿಹೋಗದೆ ಉಳಿಯುತ್ತವೆ. ಮೊಬೈಲು ಚಿತ್ರವನ್ನು ತನ್ನ ಲೆಕ್ಕಾಚಾರದಿಂದ ಮೆರುಗುಗೊಳಿಸುತ್ತದೆ. ಮದುವೆಯ ಊಟದ ಚಿತ್ರಕ್ಕೆ ಅದು ಚೆಂದ, ಬಣ್ಣವನ್ನು ನಂಬಿ ಹಣ ಕೊಡುವ ಗಿರಾಕಿಗೆ ಮೋಸ. ಹೀಗಿದ್ದರೂ ದೊಡ್ಡ ಸೆನ್ಸರ್‌ಗೆ ಒಂದು ದೋಷವಿದೆ. ಅದರಲ್ಲಿ ಸ್ಪಷ್ಟತೆಯ ಆಳ ಕಡಿಮೆ. ನೆರಿಗೆ ಹಿಡಿದು ಹರಡಿದ ಸೀರೆಯು ಮುಂದಿನಿಂದ ಹಿಂದಿನವರೆಗೆ ಸ್ಪಷ್ಟವಾಗಬೇಕಾದರೆ ಲೆನ್ಸ್‌ನ ರಂಧ್ರವನ್ನು ಎಫ್ 8 ಅಥವಾ ಎಫ್ 11ಕ್ಕೆ ಕಿರಿದುಗೊಳಿಸಬೇಕು. ಹಾಗೆ ಮಾಡಿದೊಡನೆ, ಲಕ್ಷಗಟ್ಟಲೆ ತೆತ್ತು ಪಡೆದ ಬೆಳಕಿನ ಲಾಭದ ಒಂದು ಪಾಲು ಕೈಬಿಟ್ಟು ಹೋಗುತ್ತದೆ.

ಕೆಂಪಿನ ವಿಷಯ ಪ್ರತ್ಯೇಕವಾಗಿ ಹೇಳತಕ್ಕದ್ದು. ದಾಳಿಂಬೆ ಕೆಂಪಿನಂಥ ತೀವ್ರ ವರ್ಣದಲ್ಲಿ ಹಸಿರು ಮತ್ತು ನೀಲಿ ಅಂಶಗಳು ಅಲ್ಪವಾಗಿದ್ದು, ಕೆಂಪು ಅಂಶವೊಂದೇ ತುಂಬಿ ತುಳುಕುತ್ತದೆ. ಒಟ್ಟಾರೆ ಬೆಳಕಿನ ಅಳತೆ ಸರಿಯಾಗಿ ತೋರಿದರೂ ಕೆಂಪು ಗರಿಷ್ಠ ಮಿತಿ ದಾಟಿರುತ್ತದೆ. ಆಗ ನೂಲಿನ ಎಳೆ ಅಳಿಸಿಹೋಗಿ ಸೀರೆಯು ಬಣ್ಣ ಬಳಿದ ಹಾಳೆಯಂತೆ ಕಾಣುತ್ತದೆ. ಸ್ವಲ್ಪ ಕಡಿಮೆ ಬೆಳಕಿನಲ್ಲಿ ತೆಗೆದು, ಮೊದಲ ಚಿತ್ರದಲ್ಲಿ ಬೂದು ಬಣ್ಣದ ಪ್ರಮಾಣಪಟ್ಟಿಯೊಂದನ್ನು ಸೀರೆಯ ಪಕ್ಕದಲ್ಲಿರಿಸಿ, ಆ ಪಟ್ಟಿಗೆ ತಕ್ಕಂತೆ ಉಳಿದ ಚಿತ್ರಗಳ ಬಣ್ಣವನ್ನು ಸರಿಪಡಿಸುವುದು ಕ್ರಮ. ಈ ಪಟ್ಟಿಗೆ ಕ್ಯಾಮೆರಾದ ಬೆಲೆಯ ಒಂದು ಸಣ್ಣ ಅಂಶವೂ ತಗಲುವುದಿಲ್ಲ. ಒಳ್ಳೆಯ ದೀಪ ಮತ್ತು ಈ ಪಟ್ಟಿ ಇಲ್ಲದ ಮಳಿಗೆಗೆ ಯಾವ ಕ್ಯಾಮೆರಾ ತಂದರೂ ಬಣ್ಣದ ತಕರಾರು ತಪ್ಪದು. ಚಿಕ್ಕ ಚೌಕಳಿಯ ಒಡಲಿನ ಸೀರೆಗಳಲ್ಲಿ ಮತ್ತೊಂದು ತೊಡಕುಂಟು. ನೂಲಿನ ಸಾಲುಗಳು ಸೆನ್ಸರ್‌ನ ಚುಕ್ಕಿಗಳ ಸಾಲಿಗೆ ಡಿಕ್ಕಿ ಹೊಡೆದು, ಬಟ್ಟೆಯಲ್ಲಿಲ್ಲದ ಅಲೆಯಂಥ ಗೆರೆಗಳು ಚಿತ್ರದಲ್ಲಿ ಮೂಡುತ್ತವೆ. ಕ್ಯಾಮೆರಾವನ್ನು ಗೇಣಿನಷ್ಟು ಹಿಂದೆ ಮುಂದೆ ಸರಿಸಿದರೆ ಅದು ಬಹುಮಟ್ಟಿಗೆ ಹೋಗುತ್ತದೆ.

ನೇಕಾರನ ಹಿತವೂ ಇದರಲ್ಲಿ ಅಡಗಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಮತ್ತು ಸೆರಗಿನ ಹಾಸು ಬೇರೆ ಬೇರೆ. ಅವನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಕುಣಿಮಗ್ಗದ ಈ ಶ್ರಮವೇ ಅಗ್ಗದ ಅನುಕರಣೆಗಿಂತ ಅದನ್ನು ಬೇರ್ಪಡಿಸುವ ಗುರುತು. ಸೆರಗಿನ ಕೊಂಡಿಯ ಸಾಲನ್ನು ಹತ್ತಿರದಿಂದ, ಎಳೆ ಎಣಿಸುವಂತೆ ತೋರಿಸಿದ ಒಂದು ಚಿತ್ರವು ‘ಅಸಲಿ ಕೈಮಗ್ಗ’ ಎಂಬ ಹತ್ತು ಸಾಲಿನ ಒಕ್ಕಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಇದಕ್ಕೆ ಬೇಕಾದುದು ಸಮೀಪದೃಶ್ಯದ ಮ್ಯಾಕ್ರೊ ಲೆನ್ಸ್. ಸಿಗ್ಮಾ, ಪ್ಯಾನಸೋನಿಕ್ ಮತ್ತು ಲೈಕಾ ಕಂಪನಿಗಳು 2018ರಲ್ಲಿ ಮಾಡಿಕೊಂಡ ಒಪ್ಪಂದದಿಂದಾಗಿ ಬಿಎಫ್‌ಗೆ ಈ ಮೂರೂ ಕಂಪನಿಗಳ ಎಲ್-ಮೌಂಟ್ ಲೆನ್ಸ್‌ಗಳು ಹೊಂದುತ್ತವೆ. ಕೆನಾನ್ ಅಥವಾ ನಿಕಾನ್ ಲೆನ್ಸ್‌ಗಳನ್ನು ಈಗಾಗಲೇ ಹೊಂದಿರುವವರು ಮಾತ್ರ ಹೊಸದಾಗಿ ಬಂಡವಾಳ ಹೂಡಬೇಕಾಗುತ್ತದೆ.

ಮಗ್ಗದ ಮನೆ, ಮದುವೆ ಮಂಟಪ, ಗುಹಾಲಯ

ಮಳಿಗೆಯಿಂದ ಹೊರಗೆ ಕಾಲಿಟ್ಟರೆ ಲೆಕ್ಕ ಬದಲಾಗುತ್ತದೆ. ಪ್ರಚಾರಕ್ಕಾಗಿ ಮಗ್ಗ ನಡೆಯುತ್ತಿರುವ ಚಿತ್ರ ಬೇಕೆಂದಿರಲಿ. ಯಾಂತ್ರಿಕ ಶಟರ್ ಇಲ್ಲದ ಕ್ಯಾಮೆರಾ ದೃಶ್ಯವನ್ನು ಒಮ್ಮೆಲೇ ಗ್ರಹಿಸದೆ ಸಾಲು ಸಾಲಾಗಿ ಓದುತ್ತದೆ. ಓದಿ ಮುಗಿಸುವಷ್ಟರಲ್ಲಿ ಲಾಳಿ ಮುಂದಕ್ಕೆ ಓಡಿರುವುದರಿಂದ ಅದರ ಆಕಾರ ಓರೆಯಾಗಿ ಮೂಡುತ್ತದೆ. ಇದರೊಂದಿಗೆ ದೀಪಗಳ ಸಮಸ್ಯೆಯೂ ಇದೆ. ದೇಶದ ವಿದ್ಯುತ್ ಪೂರೈಕೆ 50 ಹರ್ಟ್ಸ್ ಆಗಿರುವುದರಿಂದ ಅಗ್ಗದ ಎಲ್‌ಇಡಿ ಮತ್ತು ಹಳೆಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಚಿತ್ರದಲ್ಲಿ ಅಡ್ಡಪಟ್ಟಿಗಳು ಕಾಣಿಸುತ್ತವೆ. ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿಗಳು ಮಾಯವಾಗುತ್ತವೆ, ಆದರೆ ಲಾಳಿ ಮಸುಕಾಗುತ್ತದೆ. ವೇಗ ಹೆಚ್ಚಿಸಿದರೆ ಲಾಳಿ ನಿಲ್ಲುತ್ತದೆ, ಪಟ್ಟಿಗಳು ಮರಳುತ್ತವೆ. ಬೇರೆ ಕ್ಯಾಮೆರಾದವರು ಫ್ಲಾಶ್ ಬಳಸಿ ಈ ಇಕ್ಕಟ್ಟಿನಿಂದ ಪಾರಾಗುತ್ತಾರೆ. ಬಿಎಫ್ ಕೊಂಡವನಿಗೆ ಆ ದಾರಿ ಮುಚ್ಚಿದೆ.

ಮದುವೆಯ ಛಾಯಾಗ್ರಾಹಕರಿಗೆ ಇದು ಸಲ್ಲದು ಎಂದು ನಿಸ್ಸಂಕೋಚವಾಗಿ ಹೇಳಬಹುದು. ಫ್ಲಾಶ್ ಇಲ್ಲ ಎಂಬುದೊಂದೇ ಸಾಕು. ಅದಲ್ಲದೆ ಅಕ್ಷತೆಯ ಗಳಿಗೆ ಮರಳಿ ಬರುವುದಿಲ್ಲ. ಎರಡು ಕಾರ್ಡುಗಳಿರುವ ಕ್ಯಾಮೆರಾದಲ್ಲಿ ಒಂದು ಕೆಟ್ಟರೆ ಇನ್ನೊಂದರಲ್ಲಿ ಚಿತ್ರ ಉಳಿದಿರುತ್ತದೆ. ಬಿಎಫ್‌ನಲ್ಲಿ ಕ್ಯಾಮೆರಾ ಕೆಟ್ಟು ನಿಂತರೆ ಅದರೊಳಗಿನ ಚಿತ್ರಗಳನ್ನು ಕಾರ್ಡು ತೆಗೆದಂತೆ ಹೊರತೆಗೆಯಲಾಗದು. 2020ರಲ್ಲಿ ಬಂದ ನಿಕಾನ್ ಝಡ್5ರಂಥ ಸಾಧಾರಣ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಎರಡು ಕಾರ್ಡು, ವ್ಯೂಫೈಂಡರ್, ಅಲುಗಾಟ ನಿಯಂತ್ರಣ ಎಲ್ಲವೂ ಇದ್ದು, ಪ್ರಕಟಣೆಯ ಬೆಲೆ 1,399 ಡಾಲರ್ ಆಗಿತ್ತು. ತೂಕ ಮಾತ್ರ 675 ಗ್ರಾಂ.

ಬಾದಾಮಿಯಲ್ಲಿ ಸನ್ನಿವೇಶ ಇನ್ನೂ ಸ್ವಾರಸ್ಯಕರ. ಹೋಟೆಲು, ಪ್ರವಾಸಿ ವಾಹನ, ಸ್ಮರಣಿಕೆಗಳ ವ್ಯಾಪಾರಿಗಳಿಗೆ ಗುಹಾಲಯ, ಪಟ್ಟದಕಲ್ಲು ಮತ್ತು ಐಹೊಳೆಗಳ ಒಳ್ಳೆಯ ಚಿತ್ರಗಳು ಬೇಕು. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಒಳಮೈಯಲ್ಲಿ ಬೆಳಕು ಮಂದ. ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಸ್ಟ್ಯಾಂಡ್ ಬಳಸುವಂತಿಲ್ಲ. ಕೈಯಲ್ಲೇ ಹಿಡಿದು ತೆಗೆಯಬೇಕಾದ ಇಂಥ ಕಡೆಯಲ್ಲಿಯೇ ಅಲುಗಾಟ ನಿಯಂತ್ರಣದ ಅಭಾವ ಕಾಡುತ್ತದೆ. 2024ರಲ್ಲಿ ಬಂದ ಪ್ಯಾನಸೋನಿಕ್ ಎಸ್9 ಕೂಡ ವ್ಯೂಫೈಂಡರ್ ಮತ್ತು ಯಾಂತ್ರಿಕ ಶಟರ್ ಇಲ್ಲದ ಸರಳ ಕ್ಯಾಮೆರಾವೇ. ಆದರೆ ಅದರಲ್ಲಿ ಈ ನಿಯಂತ್ರಣವಿದೆ, ಕಾರ್ಡಿಗೆ ಜಾಗವಿದೆ, ಪ್ರಕಟಣೆಯ ಬೆಲೆ 500 ಡಾಲರ್ ಕಡಿಮೆ. ಗುಹೆಯಿಂದ ಹೊರಬಂದು ಅಗಸ್ತ್ಯ ತೀರ್ಥದ ಬಿಸಿಲಿನಲ್ಲಿ ನಿಂತಾಗ ವ್ಯೂಫೈಂಡರ್ ಇಲ್ಲದಿರುವುದು ನೆನಪಾಗುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಪರದೆ ಕಾಣದು. ಲೋಹದ ಮೈ ಕೈಗೆ ಕಾದ ಹೆಂಚು.

ಗ್ರಾನೈಟ್ ಉದ್ಯಮಿಗಳಿಗೆ ಕ್ಯಾಮೆರಾದ ಆಯ್ಕೆ ಅಷ್ಟೊಂದು ಮುಖ್ಯವಲ್ಲ. ನಯಗೊಳಿಸಿದ ಚಪ್ಪಡಿ ಕನ್ನಡಿಯಂತೆ ಎದುರಿನದನ್ನು ಪ್ರತಿಫಲಿಸುತ್ತದೆ. ಲೆನ್ಸ್‌ಗೆ ಪೋಲರೈಸರ್ ಫಿಲ್ಟರ್ ಹಾಕಿ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಕಟ್ಟಿದರೆ ಕಲ್ಲಿನ ನಿಜವಾದ ನಸುಗೆಂಪು ಮತ್ತು ಹರಳುಗಳು ಗೋಚರಿಸುತ್ತವೆ. ಕಲ್ಲಿನ ಪುಡಿ ಹಾರುವ ಜಾಗದಲ್ಲಿ ಲೆನ್ಸ್ ಬದಲಿಸಬಾರದೆಂಬುದು ಎಲ್ಲ ಕ್ಯಾಮೆರಾಗಳಿಗೂ ಅನ್ವಯಿಸುವ ಮಾತು.

ತೆರಿಗೆಯ ಲೆಕ್ಕ

ಡಿಜಿಟಲ್ ಕ್ಯಾಮೆರಾದ ಮೇಲಿನ ಜಿಎಸ್‌ಟಿ 2019ರ ಜನವರಿಯಿಂದ ಶೇ. 28ರ ಬದಲು ಶೇ. 18 ಆಗಿದೆ. ವ್ಯಾಪಾರಕ್ಕಾಗಿ ಕೊಂಡದ್ದಾದರೆ ನೋಂದಾಯಿತ ವರ್ತಕರು ಇದರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು; ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಜಮೆ ಪಡೆದಲ್ಲಿ ಆ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೋರುವಂತಿಲ್ಲ. ಸೀರೆ ವ್ಯಾಪಾರಿಗಳು ಮತ್ತೂ ಒಂದು ಅಂಶ ಗಮನಿಸಬೇಕು. ಸೀರೆಯ ಮೇಲಿನ ತೆರಿಗೆ ಶೇ. 5 ಮಾತ್ರ. ಒಂದು ಲಕ್ಷದ ಕ್ಯಾಮೆರಾದ ಮೇಲೆ ಕೊಟ್ಟ 18,000 ರೂ. ತೆರಿಗೆ ಪೂರ್ಣವಾಗಿ ವಜಾ ಆಗಬೇಕಾದರೆ, ಖರೀದಿ ಕಳೆದು ಉಳಿಯುವ 3.60 ಲಕ್ಷ ರೂಪಾಯಿ ಮೌಲ್ಯದ ಮೇಲಿನ ತೆರಿಗೆ ಬೇಕಾಗುತ್ತದೆ. ವಿಲೋಮ ದರದ ಮರುಪಾವತಿಯಲ್ಲಿ ಬಂಡವಾಳ ಸರಕಿನ ತೆರಿಗೆ ಸೇರುವುದಿಲ್ಲವಾದ್ದರಿಂದ, ಸಣ್ಣ ಮಳಿಗೆಯ ಹಣ ಹಲವು ತಿಂಗಳು ಲೆಡ್ಜರಿನಲ್ಲಿಯೇ ಕುಳಿತಿರಬಹುದು.

ಇಷ್ಟಾಗಿಯೂ ಬಿಎಫ್ ಬೇಕೆನಿಸಿದವರು ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವವರನ್ನು ಮೊದಲು ವಿಚಾರಿಸುವುದು ಲೇಸು. ದೊರೆತರೆ ತಮ್ಮದೇ ಒಂದು ದಾಳಿಂಬೆ ಕೆಂಪು ಸೀರೆಯನ್ನು, ತಮ್ಮದೇ ಅಂಗಡಿಯ ದೀಪದಡಿ, ಆ ಕ್ಯಾಮೆರಾದಲ್ಲೂ ಈಗಿರುವ ಮೊಬೈಲಿನಲ್ಲೂ ತೆಗೆದು, ಎರಡು ಚಿತ್ರಗಳನ್ನು ಪರಊರಿನ ಹಳೆಯ ಗಿರಾಕಿಯೊಬ್ಬರಿಗೆ ಸೀರೆಯ ಸಮೇತ ಕಳುಹಿಸಬೇಕು. ಯಾವ ಚಿತ್ರ ಸೀರೆಗೆ ಹೊಂದುತ್ತದೆಂದು ಅವರೇ ಹೇಳಲಿ. ಖರೀದಿಯ ಬಿಲ್ಲಿನಲ್ಲಿ ಮಳಿಗೆಯ ಜಿಎಸ್‌ಟಿ ಸಂಖ್ಯೆ ಇರುವುದನ್ನು ಮತ್ತು ರಿಪೇರಿಗೆ ಎಲ್ಲಿಗೆ ಕಳುಹಿಸಬೇಕೆಂಬುದನ್ನು ಹಣ ಕೊಡುವ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು.